ಐದನೆಯ ಕುಚ್ಚು

ಪೋನ್ ಪಿಸಾಯ್
10 ಅಕ್ಟೋಬರ್ 1987

ಅಕ್ಕ ಕೇವ್‌ಮನಿಗೆ ಲಾತ್ಸಮಿಯ ನಮಸ್ಕಾರ.

ನಿನ್ನ ಮನೆಯ ಮುಂದಿನ ಕಂಬಕ್ಕೆ ಕಟ್ಟಿದ ಕೆಂಪು ಬಟ್ಟೆ ನನಗೆ ಇಲ್ಲಿಂದ ಕಾಣುತ್ತದೆ. ಗಾಳಿ ಈ ಕಡೆ ಬೀಸಿದ ದಿನ ನಿನ್ನ ನಾಯಿ ಬೊಗಳುವುದೂ ಕೇಳಿಸುತ್ತದೆ. ಆದರೆ ಈ ಕಾಗದ ನಿನ್ನ ಕೈ ಸೇರಬೇಕಾದರೆ ಮೊದಲು ಬ್ಯಾಂಕಾಕ್‌ಗೆ ಹೋಗಬೇಕು, ಅಲ್ಲಿಂದ ವಿಯೆಂಟಿಯಾನ್‌ಗೆ ಬರಬೇಕು, ಅಲ್ಲಿ ಯಾರೋ ಒಬ್ಬರು ಬಿಚ್ಚಿ ಓದಿ ಮತ್ತೆ ಅಂಟಿಸಬೇಕು. ಎರಡು ದೇಶದ ನಡುವಿನ ಒಂದು ನದಿ ದಾಟುವುದಕ್ಕೆ ನಲವತ್ತು ದಿನ! ಬಿಚ್ಚಿ ಓದುವ ಅಣ್ಣನಿಗೂ ನನ್ನ ನಮಸ್ಕಾರ ಇರಲಿ. ನಾವು ಅಕ್ಕತಂಗಿಯರು, ಒಬ್ಬಳು ಆಚೆ ದಡ, ಒಬ್ಬಳು ಈಚೆ ದಡ, ಅಷ್ಟೇ ಅಣ್ಣ, ಬೇರೇನೂ ಇಲ್ಲ.

ಭಿಕ್ಷುಗಳ ಮಳೆಗಾಲದ ವರ್ಷಾವಾಸ ಮುಗಿಯುವ ಹುಣ್ಣಿಮೆ ಈ ಸಲ ಚೆನ್ನಾಗಿ ಆಯಿತು. ಮೋಡ ಇರಲಿಲ್ಲ. ನದಿಯೊಳಗಿಂದ ಏಳುವ ನಾಗರಾಜನ ಬೆಂಕಿಯುಂಡೆಗಳು ನಮ್ಮ ಮೆಟ್ಟಿಲಿನಿಂದ ಹದಿನೇಳು ಕಂಡವು. ನನ್ನ ಯಜಮಾನರು ಪ್ರಸಿತ್ ಇಪ್ಪತ್ತು ಅನ್ನುತ್ತಾರೆ, ಆದರೆ ಅವರು ಸಂಜೆಯಿಂದಲೇ ಅಕ್ಕಿ ಹೆಂಡದ ಜೊತೆ ಕೂತಿದ್ದರು. ಒಂದೊಂದು ಉಂಡೆ ಎದ್ದಾಗಲೂ ನಿಮ್ಮ ದಡದವರು ಓ ಎಂದು ಕೂಗಿದ್ದು ಕೇಳಿಸಿತು. ನಾನೂ ಗಂಟಲು ಹರಿಯುವಂತೆ ಕೂಗಿದೆ. ನಿಮಗೆ ಕೇಳಿಸಿತೆ?

ಎಂದಿನಂತೆ ನಾಗರಾಜನಿಗೆ ಚೆಂಡುಹೂವು ಬಿಟ್ಟು ಕೈಮುಗಿದೆ. ಯಾಕೆಂದು ನಿನಗೆ ಗೊತ್ತು. ಹನ್ನೊಂದು ವರ್ಷದ ಹಿಂದೆ ಇದೇ ಹುಣ್ಣಿಮೆಯ ದಿನ ಅಪ್ಪನ ದೋಣಿ ಬಿಚ್ಚಿಕೊಂಡು ನಾನು ಪ್ರಸಿತ್‌ನ ಕಡೆಗೆ ಬಂದುಬಿಟ್ಟೆ. ಅಷ್ಟೊಂದು ದೀಪದ ತೆಪ್ಪಗಳ ನಡುವೆ ಒಂದು ದೋಣಿ ಗಡಿ ಕಾವಲಿನವರ ಕಣ್ಣಿಗೂ ಬೀಳಲಿಲ್ಲ. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಹುಟ್ಟನ್ನು ದೋಣಿಯಲ್ಲಿ ಬಿಡುವ ಪದ್ಧತಿಯೇ ಇಲ್ಲ. ಅವ್ವ ಮೆಟ್ಟಿಲ ಮೇಲೆ ನಿಂತು "ಹುಟ್ಟು ತಂದ್ಯೇನೇ?" ಎಂದು ಕೇಳದ ಸಂಜೆ ಒಂದಾದರೂ ಇತ್ತೆ? ಅವತ್ತು ಬೆಳಿಗ್ಗೆ ನಾನೇ ಅದನ್ನು ಕಂಬಗಳ ಮೇಲಿನ ನಮ್ಮ ಮನೆಯ ಕೆಳಗೆ ಒರಗಿಸಿಟ್ಟಿದ್ದೆ. ಸಂಜೆ ತೆಗೆಯಲು ಹೋದರೆ ಅವ್ವ ಅಲ್ಲೇ ಕೂತು ಬಾಳೆದಿಂಡು ಕತ್ತರಿಸುತ್ತಿದ್ದಳು. ಬರಿಗೈಯಲ್ಲಿ ನೀರು ತಳ್ಳಿಕೊಂಡು ಹೋದರಾಯಿತು ಎಂಬ ಹುಚ್ಚು ಧೈರ್ಯದಲ್ಲಿ ದಡಕ್ಕೆ ಇಳಿದೆ. ನೋಡಿದರೆ ಹುಟ್ಟು ದೋಣಿಯೊಳಗೇ ಮಲಗಿತ್ತು! ನಾಗರಾಜನೇ ತಂದಿಟ್ಟ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಆ ಪ್ರವಾಹದಲ್ಲಿ ಅದಿಲ್ಲದಿದ್ದರೆ ಮೀನುಗಳಿಗೆ ಊಟವಾಗಿರುತ್ತಿದ್ದೆ.

ಈಗ ಒಂದು ತಪ್ಪು ಒಪ್ಪಿಕೊಳ್ಳಬೇಕು, ಬಯ್ಯಬೇಡ. ನಿಮ್ಮ ಕಡೆಯಿಂದ ನದಿಗೆ ಸೇರುವ ಗುಮ್ ಹೊಳೆಯ ನೀರು ಈ ವರ್ಷ ಜೋರಾಗಿ ಬಂದು ನಿಮ್ಮ ದಡದ ತೆಪ್ಪಗಳನ್ನು ಈ ಕಡೆಗೆ ತಳ್ಳಿತು. ಒಂದು ನನ್ನ ಮೆಟ್ಟಿಲಿಗೇ ಬಂದು ನಿಂತಿತು. ಬಾಳೆಲೆಯ ಅಂಚು ಒಳಕ್ಕೆ ಮೂರು ಸಲ ಮಡಿಸಿ ಬಿದಿರು ಕಡ್ಡಿ ಎಡದಿಂದ ಚುಚ್ಚಿದ್ದರು. ಹಾಗೆ ಮಡಿಸುವವರು ಈ ನದಿಯುದ್ದಕ್ಕೂ ಒಬ್ಬರೇ. ಬೇರೆಯವರು ಬಿಟ್ಟ ತೆಪ್ಪ ಮುಟ್ಟಿದರೆ ಅವರ ವರ್ಷದ ಪೀಡೆ ನಮ್ಮ ಮನೆ ಹೊಗುತ್ತದೆ ಎಂದು ನನಗೂ ಗೊತ್ತು. ಆದರೂ ಮುಟ್ಟಿದೆ. ಎಳೆದು ಮೇಲಿಟ್ಟುಕೊಂಡೆ. ಒಂದು ಮಡಿಕೆಯೂ ತಪ್ಪಿಲ್ಲ. ಅವ್ವನ ಕಣ್ಣು ಇನ್ನೂ ಎಷ್ಟು ಚುರುಕಾಗಿದೆ ಎಂದು ಖುಷಿಯಾಯಿತು.

ಒಳಗೆ ಉಗುರು, ಅಂಟಕ್ಕಿಯ ಉಂಡೆ, ಬಿಳಿ ನೂಲಿನಲ್ಲಿ ಕಟ್ಟಿದ ಕೂದಲಿನ ಕುಚ್ಚುಗಳು. ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಕುಚ್ಚು ತಾನೆ? ನೀನು, ತಾವೀಸಕ್ ಭಾವ, ನಿಮ್ಮ ಮಗಳು ದಾವ, ಅವ್ವ. ನಾಲ್ಕಾಗಬೇಕು. ಐದಿದ್ದವು! ಕಳ್ಳಿ, ಇನ್ನೊಂದು ಹೆತ್ತು ನನಗೆ ಹೇಳಿಲ್ಲ ಅಲ್ಲವೆ? ಗಂಡೋ ಹೆಣ್ಣೋ?

ಅವ್ವ ನನ್ನ ಬಗ್ಗೆ ಏನಾದರೂ ಅಂದಳೆ? ಒಂದೇ ಒಂದು ಮಾತು? ದೋಣಿಗೆ ಈ ವರ್ಷವೂ ಮರದ ಎಣ್ಣೆ ಬಳಿಸಿದ್ದೇನೆ, ಮನೆಯ ಕೆಳಗೆ ಒಣಗಿಕೊಂಡು ಇದೆ, ನೀರಿಗೆ ಇಳಿಸಿಲ್ಲ, ಹಾಳಾಗಿಲ್ಲ ಎಂದು ಅವಳಿಗೆ ಹೇಳು.

ನಿನ್ನ ತಂಗಿ
ಲಾತ್ಸಮಿ


ಬಾನ್ ತಾಸಂಗ್
2 ಡಿಸೆಂಬರ್ 1987

ಲಾತ್ಸಮಿಗೆ,

ಕಾಗದ ಬಂತು. ಐವತ್ತು ದಿನ ಹಿಡಿಯಿತು.

ಯಾರಾದರೂ ಬಿಟ್ಟ ತೆಪ್ಪವನ್ನು ಒಳಗೆ ತರುತ್ತಾರೇನೆ? ಚಿಕ್ಕಂದಿನಿಂದಲೂ ನಿನಗೆ ಬೇಡ ಅಂದದ್ದೇ ಬೇಕು. ವಿಹಾರಕ್ಕೆ ಹೋಗಿ ಗುರುಗಳ ಕೈಯಲ್ಲಿ ನೀರು ಹಾಕಿಸಿಕೊಂಡು ಬಾ. ಆ ತೆಪ್ಪವನ್ನು ಹಾಗೇ ನದಿಗೆ ಬಿಡು. ಒಳಗಿನದನ್ನು ಎಣಿಸುತ್ತ ಕೂರಬೇಡ.

ಮಗು ಗಿಗು ಏನೂ ಇಲ್ಲ. ನನಗೆ ನಲವತ್ತೆರಡು ವರ್ಷ. ಭಾವ ನಿನ್ನ ಕಾಗದ ಓದಿ ಅರ್ಧ ಗಂಟೆ ನಕ್ಕರು. ದಾವ ನನ್ನ ಭುಜದವರೆಗೆ ಬೆಳೆದಿದ್ದಾಳೆ. ಈ ಸಲ ಹುಳಿ ಬರಿಸಿದ ಮೀನು ಚೆನ್ನಾಗಿ ಹದಕ್ಕೆ ಬಂದಿದೆ.

ನಿನ್ನ ಕೂಗು ನನಗೆ ಕೇಳಿಸಲಿಲ್ಲ.

ಅವ್ವ ಎಂದಿನಂತೆ ಇದ್ದಾಳೆ. ದೋಣಿಯ ಮಾತು ಅವಳ ಮುಂದೆ ಎತ್ತಬೇಡ ಎಂದು ಎಷ್ಟು ಸಲ ಬರೆದಿದ್ದೇನೆ? ದೋಣಿ ಹೋದ ಮೇಲೆ ನಾಲ್ಕು ವರ್ಷ ನಾನೂ ಅವಳೂ ಸೊಪ್ಪಿನ ಬುಟ್ಟಿ ಹೊತ್ತು ಸಂತೆಗೆ ನಡೆದಿದ್ದೇವೆ. ನೀನು ಅದಕ್ಕೆ ಎಣ್ಣೆ ಬಳಿಸಿದರೆ ನಮ್ಮ ಕಾಲಿನ ನೋವು ಹೋಗುತ್ತದೆಯೆ? ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ. ಇರಲಿ ಬಿಡು.

ಚಳಿ ಶುರುವಾಗಿದೆ. ಬೆಚ್ಚಗೆ ಇರು.

ಅಕ್ಕ


ಪೋನ್ ಪಿಸಾಯ್
19 ಏಪ್ರಿಲ್ 1988

ಅಕ್ಕನಿಗೆ ಹೊಸ ವರ್ಷದ ನಮಸ್ಕಾರ.

ಜನವರಿಯಲ್ಲಿ ಒಂದು, ಫೆಬ್ರವರಿಯಲ್ಲಿ ಒಂದು ಕಾಗದ ಹಾಕಿದ್ದೆ. ಎರಡೂ ವಾಪಸು ಬಂದವು. ದೂರದ ಬೆಟ್ಟದಲ್ಲಿ ಯಾವುದೋ ಗಡಿ ಕಲ್ಲಿಗಾಗಿ ನಿಮ್ಮ ಸೈನಿಕರೂ ನಮ್ಮ ಸೈನಿಕರೂ ಗುಂಡು ಹಾರಿಸಿಕೊಂಡರು, ಇಲ್ಲಿ ನಮ್ಮ ಅಂಚೆ ನಿಂತಿತು. ಈಗ ಮತ್ತೆ ಶುರುವಾಗಿದೆ ಎಂದು ಅಂಚೆಯವರು ಹೇಳಿದರು. ಸಂತೋಷದಿಂದ ಬರೆಯುತ್ತಿದ್ದೇನೆ.

ನೀವು ಬುಟ್ಟಿ ಹೊತ್ತು ನಡೆದದ್ದು ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ನೀನು ಅದನ್ನು ಒಮ್ಮೆಯೂ ಬರೆಯಲಿಲ್ಲ. ಕ್ಷಮಿಸು ಅಕ್ಕ. ಹೀಗೆ ಬೈದು ಬರೆದದ್ದಕ್ಕೆ ನಿನಗೆ ನಾನು ಕೃತಜ್ಞಳು. ಇಷ್ಟು ವರ್ಷ ನೀನು ಪರರಿಗೆ ಬರೆದ ಹಾಗೆ ಬರೆಯುತ್ತಿದ್ದೆ.

ಒಂದು ಮಾತು ಕೇಳುತ್ತೇನೆ, ನಿಜ ಹೇಳು. ಬೇಸಿಗೆಯಲ್ಲಿ ನೀರು ಇಳಿದು ಮರಳು ದಿಬ್ಬ ಎದ್ದಿದೆಯಲ್ಲ, ನಾನು ಅದರ ತುದಿಗೆ ಹೋಗಿ ನಿಲ್ಲುತ್ತೇನೆ. ನಿಮ್ಮ ಮೆಟ್ಟಿಲು ಚೆನ್ನಾಗಿ ಕಾಣುತ್ತದೆ. ನೀರಿಗೆ ನೀನು ಬರುತ್ತೀ, ದಾವ ಬರುತ್ತಾಳೆ. ಅವ್ವ ಒಂದು ದಿನವೂ ಇಳಿದು ಬರಲಿಲ್ಲ. ಹೊಸ ವರ್ಷಕ್ಕೆ ಮರಳಿನ ಗೋಪುರ ಕಟ್ಟುವಾಗಲೂ ಬರಲಿಲ್ಲ. ಅದನ್ನು ಅವಳು ಬಿಡುವವಳೆ? ಅವ್ವನಿಗೆ ಏನಾಗಿದೆ?

ನಾನು ಒಂದು ಹರಕೆ ಹೊತ್ತಿದ್ದೇನೆ. ಏನು ಎಂದು ಕೇಳಬೇಡ. ಪ್ರಸಿತ್ ಒಪ್ಪಿದ್ದಾರೆ, ಆದರೆ ಮುಖ ಊದಿಸಿಕೊಂಡಿದ್ದಾರೆ.

ಲಾತ್ಸಮಿ


ಬಾನ್ ತಾಸಂಗ್
16 ಜೂನ್ 1988

ಲಾತ್ಸಮಿಗೆ,

ಅವ್ವ ಚೆನ್ನಾಗಿದ್ದಾಳೆ. ಮಂಡಿ ನೋವು, ವಯಸ್ಸಾದವರಿಗೆ ಎಲ್ಲರಿಗೂ ಇರುವುದೇ. ಮರಳು ದಿಬ್ಬದ ತುದಿಗೆ ಹೋಗಬೇಡ, ಅಲ್ಲಿ ಹುದುಲು ಇದೆ.

ಒಂದು ಕೆಲಸ ಮಾಡು. ನಿನ್ನ ತಲೆಗೂದಲು ಸ್ವಲ್ಪ ಕತ್ತರಿಸಿ ಕಾಗದದಲ್ಲಿಟ್ಟು ಕಳಿಸು. ಒಂದು ಬೆರಳುದ್ದ ಸಾಕು. ವರ್ಷಾವಾಸದ ಹುಣ್ಣಿಮೆಗೆ ಮುಂಚೆ ನಮ್ಮ ಕೈ ಸೇರಬೇಕು, ಮರೆಯಬೇಡ. ಯಾಕೆ ಎಂದು ಕೇಳಬೇಡ. ಹೇಳಕೂಡದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ.

ಅಕ್ಕ


ಪೋನ್ ಪಿಸಾಯ್
12 ಆಗಸ್ಟ್ 1988

ಅಕ್ಕ,

ಕೂದಲು ಕಳಿಸಲಾರೆ.

ನೀನು ಹೇಳದಿದ್ದರೂ ನನಗೆ ಗೊತ್ತಾಯಿತು. ಆ ತೆಪ್ಪವನ್ನು ನಾನು ನದಿಗೆ ವಾಪಸು ಬಿಟ್ಟೆ, ಆದರೆ ಐದನೆಯ ಕುಚ್ಚನ್ನು ಬಿಡಲಿಲ್ಲ. ನಿನ್ನ ಕಾಗದ ಬಂದ ದಿನ ಅದನ್ನು ಬಿಸಿಲಿಗೆ ಹಿಡಿದು ನೋಡಿದೆ. ಬಿಸಿಲಲ್ಲಿ ಕೆಂಚಗೆ ಕಾಣುತ್ತದೆ, ತುದಿ ಸುರುಳಿ. ನಿಮ್ಮ ಮನೆಯಲ್ಲಿ ಅಂಥ ಕೂದಲು ಯಾರಿಗೂ ಇಲ್ಲ. ಅದು ನನ್ನದು. ಒಂಬತ್ತನೆಯ ವರ್ಷದಲ್ಲಿ ಜ್ವರ ಬಂದು ಅವ್ವ ನನ್ನ ಜಡೆ ಕತ್ತರಿಸಿದ್ದಳಲ್ಲ, ಆ ಕೂದಲು.

ಹೋಗಲಿ ಎನ್ನುವುದನ್ನೆಲ್ಲ ನಾವು ತೆಪ್ಪದಲ್ಲಿಟ್ಟು ಬಿಡುತ್ತೇವೆ. ರೋಗ ಹೋಗಲಿ, ಜಗಳ ಹೋಗಲಿ, ಪೀಡೆ ಹೋಗಲಿ. ಪ್ರತಿ ವರ್ಷ ಅವ್ವ ಅವುಗಳ ಜೊತೆ ನನ್ನನ್ನೂ ಬಿಡುತ್ತಿದ್ದಾಳೆ. ದೋಣಿ ಕದ್ದವಳು ನೀರಿನ ಜೊತೆ ಹೋಗಲಿ, ಮತ್ತೆ ಈ ಮನೆಗೆ ಬಾರದಿರಲಿ ಎಂದು. ಈಗ ಜಡೆ ಮುಗಿದಿರಬೇಕು, ಅದಕ್ಕೇ ಹೊಸದು ಕೇಳಿಸಿದ್ದಾಳೆ. ನನ್ನನ್ನು ನೂಕುವುದಕ್ಕೆ ನಾನೇ ಕೂದಲು ಕೊಡಬೇಕೆ?

ನನಗೆ ಸಿಟ್ಟಿಲ್ಲ. ಅವ್ವನಿಗೆ ಹಾಗನ್ನಿಸಿದ್ದರೆ ತಪ್ಪೂ ಇಲ್ಲ. ಆದರೆ ಹನ್ನೆರಡು ವರ್ಷ ನಾನು ಒಂದೇ ಒಂದು ಮಾತಿಗೆ ಕಾದೆ. ಇದು ಆ ಮಾತು ಎಂದು ಗೊತ್ತಿರಲಿಲ್ಲ.

ಕಳಿಸಲಾಗದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಬರೆಯುವುದಿಲ್ಲ.

ಲಾತ್ಸಮಿ


ಬಾನ್ ತಾಸಂಗ್
14 ಸೆಪ್ಟೆಂಬರ್ 1988

ಕತ್ತೆ,

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ನಮ್ಮ ಪೆಂಗ್ ಚಿಕ್ಕಮ್ಮನಿಗೆ ಬಾಳೆಕಾಯಿ ಮಾರಲು ನಿಮ್ಮ ಸಂತೆಗೆ ಹೋಗಿಬರುವ ಚೀಟಿ ಸಿಕ್ಕಿದೆ. ಅವಳ ಬುಟ್ಟಿಯ ತಳದಲ್ಲಿ ಕಾಗದ ಇಟ್ಟಿದ್ದೇನೆ. ನಡುವೆ ಓದುವ ಅಣ್ಣ ಯಾರೂ ಇಲ್ಲ, ಹಾಗಾಗಿ ಎಲ್ಲ ಬರೆಯುತ್ತೇನೆ. ಆಣೆ ಮುರಿದ ಪಾಪ ನನಗೆ ಬರಲಿ.

ನೀನು ಹೇಳಿದ್ದು ನಿಜ. ಐದನೆಯ ಕುಚ್ಚು ನಿನ್ನದೇ. ಆದರೆ ಉಳಿದ ನಾಲ್ಕು ಯಾರವು? ನನ್ನದು, ನಿನ್ನ ಭಾವನದು, ದಾವಳದು, ಅವ್ವನದು. ನಮ್ಮನ್ನೂ ನೀರಿಗೆ ನೂಕುತ್ತಾಳೇನು? ಯಾರ ಪೀಡೆ ಹೋಗಬೇಕೋ ಅವರ ಕೂದಲು ಇಡುವುದು. ಮನೆಯವರದ್ದನ್ನು ಬಿಟ್ಟು ಬೇರೆಯವರದ್ದನ್ನು ಯಾರಾದರೂ ಇಡುತ್ತಾರಾ? ಹನ್ನೆರಡು ವರ್ಷ ಆಚೆ ದಡದಲ್ಲಿದ್ದು ಇಷ್ಟನ್ನೂ ಮರೆತೆಯಾ?

ನೀನು ಹೋದ ಮರುವರ್ಷ ಅವ್ವ ಕುಚ್ಚು ಕಟ್ಟುತ್ತಿದ್ದಾಗ ನಾನೇ ಕೇಳಿದೆ. "ಇದ್ಯಾರದವ್ವ?" ಅಂದೆ. "ಎಣ್ಸೋದು ನನ್ ಕೆಲ್ಸ, ನೀನು ಬತ್ತಿ ಹೊಸಿ" ಅಂದಳು. ಆಮೇಲೆ "ಅವಳಿಗೆ ಬರೆದ್ಯೋ, ನೋಡು" ಎಂದು ಆಣೆ ಹಾಕಿಸಿಕೊಂಡಳು. ಎಲೆಅಡಿಕೆ ಪೆಟ್ಟಿಗೆಯಲ್ಲಿ ನಿನ್ನ ಜಡೆ ಇಟ್ಟುಕೊಂಡು ವರ್ಷಕ್ಕೆ ನಾಲ್ಕೆಳೆ ತೆಗೆಯುತ್ತಿದ್ದಳು. ಮಿಕ್ಕದ್ದನ್ನು ಹೋದ ಬೇಸಿಗೆಯಲ್ಲಿ ಇಲಿ ಎಳೆದುಕೊಂಡು ಹೋಗಿ ಗೂಡು ಮಾಡಿಕೊಂಡಿತು. ಆ ಇಲಿಯನ್ನು ಅವಳು ಬೈದ ಬೈಗುಳ ನಿಮ್ಮ ದಡಕ್ಕೂ ಕೇಳಿಸಿರಬೇಕು. ಅವತ್ತಿನಿಂದ ಒಂದೇ ಹಟ: "ಅವಳದಿಲ್ದೆ ಈ ವರ್ಷ ತೆಪ್ಪ ಬಿಡಲ್ಲ."

ಈಗ ಇನ್ನೊಂದು. ಅವ್ವನಿಗೆ ಕಣ್ಣು ಕಾಣುವುದಿಲ್ಲ. ಎರಡು ವರ್ಷವಾಯಿತು. ಮೊದಲು ಮಬ್ಬು, ಈಗ ಬೆಳಕು ಕತ್ತಲೆಯಷ್ಟೇ ಗೊತ್ತಾಗುತ್ತದೆ. ಅದಕ್ಕೇ ಮೆಟ್ಟಿಲು ಇಳಿಯುವುದಿಲ್ಲ. ನೀನು ನೋಡಿದ ಮಡಿಕೆ ಬೆರಳಲ್ಲಿ ತಡವಿ ಮಡಿಸಿದ್ದು. ನಿನಗೆ ಯಾಕೆ ಬರೆಯಲಿಲ್ಲ ಗೊತ್ತೆ? ತಿಳಿದರೆ ನೀನು ಆ ಹಾಳು ದೋಣಿ ಏರಿ ಹೊರಟುಬಿಡುತ್ತೀ, ಕಾವಲಿನವರು ಗುಂಡು ಹಾರಿಸುತ್ತಾರೆ ಎಂಬ ಹೆದರಿಕೆ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೆ?

ಇಷ್ಟು ಹೇಳಿದ ಮೇಲೂ ಒಂದು ನನಗೆ ತಿಳಿಯದು. ನಿನ್ನ ಹೆಸರು ತೆಗೆದರೆ ಇವತ್ತಿಗೂ ಅವ್ವ "ದೋಣಿಕಳ್ಳಿ" ಅನ್ನುತ್ತಾಳೆ. ಮನಸ್ಸಿನಲ್ಲಿ ಏನಿದೆಯೋ. ನಾನೂ ನಿನ್ನ ಮೇಲೆ ಬಹಳ ವರ್ಷ ಸಿಟ್ಟಿಟ್ಟುಕೊಂಡಿದ್ದೆ. ಮರಳು ದಿಬ್ಬದ ಮೇಲೆ ಬಂದು ನಿಲ್ಲುತ್ತೇನೆ ಎಂದು ನೀನು ಬರೆದ ದಿನ ಅದು ಕರಗಿತು.

ಪೆಂಗ್ ಚಿಕ್ಕಮ್ಮ ನಾಲ್ಕು ದಿನ ಅಲ್ಲಿರುತ್ತಾಳೆ. ಕೂದಲು ಕೊಟ್ಟು ಕಳಿಸು.

ಅಕ್ಕ


ಪೋನ್ ಪಿಸಾಯ್, ವಿಹಾರದ ಹಿಂದಿನ ಗುಡಿಸಲು
18 ಸೆಪ್ಟೆಂಬರ್ 1988

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕತ್ತೆ ಅಂದದ್ದು ಸರಿಯಾಗಿಯೇ ಇದೆ. ಅದನ್ನು ಓದಿ ಮೊದಲು ಅತ್ತೆ, ಆಮೇಲೆ ಇಲಿಯ ಜಾಗಕ್ಕೆ ಬಂದು ನಕ್ಕೆ. ಪಕ್ಕದ ಚಾಪೆಯ ಹಿರಿಯ ಉಪಾಸಿಕೆ "ಏನಮ್ಮ, ಧ್ಯಾನ ಇದೇನಾ?" ಎಂದು ಕೇಳಿದರು.

ಹೌದು, ನಾನು ವಿಹಾರದಲ್ಲಿದ್ದೇನೆ. ಅವ್ವ ಮೆಟ್ಟಿಲು ಇಳಿಯದ್ದನ್ನು ನೋಡಿದಾಗಲೇ ಏನೋ ಆಗಿದೆ ಅನ್ನಿಸಿತ್ತು. ಅವಳು ಚೆನ್ನಾಗಿದ್ದರೆ ಸಾಕು, ಈ ವರ್ಷಾವಾಸದ ಮೂರು ತಿಂಗಳು ಬಿಳಿ ಬಟ್ಟೆ ಉಟ್ಟು ವ್ರತ ಹಿಡಿಯುತ್ತೇನೆ, ಅದರ ಪುಣ್ಯವೆಲ್ಲ ಅವ್ವನಿಗೆ ಎಂದು ಹರಕೆ ಹೊತ್ತೆ. "ಮೂರು ತಿಂಗ್ಳು ನಂಗ್ಯಾರು ಬೇಯ್ಸಿ ಹಾಕ್ತಾರೆ?" ಎಂದರು ಪ್ರಸಿತ್. ಈಗ ದಿನವೂ ಸಂತೆಯಲ್ಲಿ ಶಾವಿಗೆ ತಿಂದು, ನಾನು ಮಾಡುವುದಕ್ಕಿಂತ ಅದೇ ರುಚಿ ಎಂದು ಹೇಳಿ ಹೋಗುತ್ತಾರೆ. ಆದರೂ ಬೆಳಿಗ್ಗೆ ಭಿಕ್ಷೆಯ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಅವರೇ ನಿಂತಿರುತ್ತಾರೆ.

ವ್ರತ ಹಿಡಿಯಬೇಕಾದರೆ ತಲೆ ಬೋಳಿಸಬೇಕಲ್ಲ. ಜುಲೈ ಕೊನೆಗೆ ಬೋಳಿಸಿದೆ. ಕೂದಲನ್ನು ತಾವರೆ ಎಲೆಯಲ್ಲಿ ಹಿಡಿದು ಇದೇ ನದಿಗೆ ಬಿಟ್ಟೆ. ಸೊಂಟದವರೆಗಿನ ಕೂದಲು ಅಕ್ಕ! ವಾರ ಕಳೆದು ನಿನ್ನ ಜೂನ್ ತಿಂಗಳ ಕಾಗದ ಬಂತು, ಕೂದಲು ಕಳಿಸು ಎಂದು. ಬೋಳುತಲೆ ಸವರಿಕೊಂಡು ಅದನ್ನು ಓದಿದೆ. ಅವ್ವನಿಗಾಗಿ ಬೋಳಿಸಿದವಳು ಅವ್ವ ಕೇಳಿದಾಗ ಕೊಡುವುದಕ್ಕೆ ಒಂದೆಳೆಯೂ ಇಲ್ಲದೆ ಕೂತಿದ್ದೆ. ಅದನ್ನು ಬರೆಯಲಾಗದೆ ಸಿಟ್ಟಿನ ಕಾಗದ ಬರೆದೆ.

ನಿನ್ನೆ ಗುರುಗಳು ಪ್ರವಚನದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆಯನ್ನೇ ಹೇಳಿದರು. ಭಗವಂತ ತೀರಿಹೋದ ತಾಯಿಗೆ ಧರ್ಮ ಹೇಳಲು ಸ್ವರ್ಗಕ್ಕೆ ಹತ್ತಿ ಹೋದದ್ದು, ಮೂರು ತಿಂಗಳು ಅಲ್ಲಿದ್ದು ಹುಣ್ಣಿಮೆಯ ದಿನ ಇಳಿದು ಬಂದದ್ದು, ಅವನು ಬಂದ ಸಂತೋಷಕ್ಕೆ ನಾಗರಾಜ ನದಿಯೊಳಗಿಂದ ಬೆಂಕಿಯುಂಡೆ ಎಸೆದದ್ದು. ನೂರು ಸಲ ಕೇಳಿದ್ದೇನೆ. ನಿನ್ನೆ ಮಾತ್ರ ತಲೆ ತಗ್ಗಿಸಿ ಕೂತಿದ್ದೆ. ಅವನಿಗೆ ಸ್ವರ್ಗಕ್ಕೆ ಹೋಗಲು ಸಾಧ್ಯವಾಯಿತು, ನನಗೆ ಒಂದು ನದಿ ದಾಟಲಾಗಲಿಲ್ಲ.

ಇಲ್ಲಿ ಪ್ರತಿ ತಿಂಗಳ ಹುಣ್ಣಿಮೆಗೂ ತಲೆ ಬೋಳಿಸಬೇಕು. ಹೋದ ಹುಣ್ಣಿಮೆಗೆ ಬೋಳಿಸಿ ಮೂರು ವಾರವಾಗಿತ್ತು, ಅಕ್ಕಿಕಾಳಿನಷ್ಟು ಬೆಳೆದಿತ್ತು. ಇವತ್ತು ಬೆಳಿಗ್ಗೆ ಮತ್ತೆ ಬೋಳಿಸಿಕೊಂಡೆ. "ಹುಣ್ಣಿಮೆಗೆ ಇನ್ನೂ ವಾರ ಇದೆ, ಏನವಸರ?" ಎಂದರು ಹಿರಿಯ ಉಪಾಸಿಕೆ. ಅವಸರವಿದೆ ಅಂದೆ. ಬಿದ್ದದ್ದನ್ನೆಲ್ಲ ಬಿಳಿ ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದೇನೆ. ಇದನ್ನು ನೂಲಿನಲ್ಲಿ ಕಟ್ಟಲು ಬರುವುದಿಲ್ಲ, ಬಟ್ಟೆಯ ಗಂಟನ್ನೇ ಇಡಿ. ಬೋಳಿಸಿದ್ದನ್ನು ಅವ್ವನಿಗೆ ಹೇಳಬೇಡ. ಪುಣ್ಯ ಮಾಡಿ ಡಂಗುರ ಹೊಡೆದಳು ಅಂದುಕೊಂಡಾಳು. ಕತ್ತರಿ ಮೊಂಡಾಗಿತ್ತು, ಚಿಕ್ಕ ಚಿಕ್ಕದಾಗಿ ಕತ್ತರಿಸಿತು ಎಂದು ಹೇಳು.

ನನ್ನನ್ನೂ ಎಣಿಸಿದ್ದಾಳೆ. ಅಷ್ಟೇ ಸಾಕು ಅಕ್ಕ. ಇನ್ನು ಒಂದು ಮಾತೂ ಆಡದಿದ್ದರೂ ಸಾಕು.

ಲಾತ್ಸಮಿ


ಪೋನ್ ಪಿಸಾಯ್
23 ಅಕ್ಟೋಬರ್ 1988

ಅಕ್ಕ,

ಒಂದು ತಿಂಗಳಾಯಿತು, ನಿನ್ನಿಂದ ಸುದ್ದಿಯಿಲ್ಲ. ಪ್ರವಾಹ ಬಂದು ಸಂತೆಯ ದೋಣಿಗಳೆಲ್ಲ ನಿಂತಿವೆ. ಪೆಂಗ್ ಚಿಕ್ಕಮ್ಮನೂ ಕಾಣಲಿಲ್ಲ. ಗಂಟು ತಲುಪಿತೆ? ನೀರಲ್ಲಿ ನೆನೆಯಿತೆ? ಅವ್ವ ಬೇಡ ಅಂದಳೆ?

ನಾಡಿದ್ದು ಹುಣ್ಣಿಮೆ. ಬಿಳಿ ಬಟ್ಟೆಯಲ್ಲೇ ಮೆಟ್ಟಿಲಿನ ಮೇಲೆ ಕೂತಿರುತ್ತೇನೆ. ಉಪಾಸಿಕೆಯರು ಕೂಗಬಾರದಂತೆ. ಆದರೂ ಮೊದಲ ಉಂಡೆಗೆ ಒಂದು ಸಲ ಕೂಗುತ್ತೇನೆ.

ಈ ಕಾಗದವನ್ನು ಯಾರ ಕೈಯಲ್ಲಿ ಕಳಿಸುವುದೋ ಗೊತ್ತಿಲ್ಲ. ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ಬರೆದೆ.

ಲಾತ್ಸಮಿ


ಬಾನ್ ತಾಸಂಗ್
28 ಅಕ್ಟೋಬರ್ 1988

ಲಾತ್ಸಮಿ,

ಪ್ರವಾಹ ಇಳಿಯಿತು, ಪೆಂಗ್ ಚಿಕ್ಕಮ್ಮ ನಾಳೆ ಹೊರಡುತ್ತಾಳೆ. ಅವ್ವ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ನಾನು ಬರೆಯುವ ಸದ್ದು ನಿಂತರೆ "ಯಾಕ್ ನಿಲ್ಸಿದೆ?" ಎಂದು ತಿವಿಯುತ್ತಾಳೆ.

ನಿನ್ನ ಗಂಟು ಹುಷಾರಾಗಿ ತಲುಪಿತ್ತು. ಕತ್ತರಿ ಮೊಂಡಾಗಿತ್ತಂತೆ ಎಂದು ನೀನು ಹೇಳಿಕೊಟ್ಟ ಹಾಗೇ ಹೇಳಿದೆ. ಅವ್ವ ಬಟ್ಟೆ ಬಿಚ್ಚಿ ಬೆರಳಲ್ಲಿ ಆ ಚೂರುಗಳನ್ನು ಮುಟ್ಟಿದಳು. ಒಂದು ಚಿಟಿಕೆ ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು.

"ಇದು ಕತ್ರಿಲಿ ಕತ್ತರ್ಸಿದ್ದಲ್ಲ, ಬೋಳ್ಸಿದ್ದು" ಅಂದಳು. "ವ್ರತ ಹಿಡ್ದಿದಾಳೆ. ಯಾರಿಗೋಸ್ಕರ?"

ನನಗೆ ಸುಳ್ಳು ಹೇಳಲು ಬರಲಿಲ್ಲ. ನಿನಗೇ ಅವ್ವ, ಅಂದೆ. ಅವಳು ಗಂಟನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ಅಪ್ಪ ತೀರಿಹೋದಾಗ ಬಿಟ್ಟರೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು "ಸೊಂಟದ ತನಕ ಇತ್ತು. ಹುಚ್ಚುಮುಂಡೆ" ಅಂದಳು.

ಹುಣ್ಣಿಮೆಯ ದಿನ ತೆಪ್ಪವನ್ನು ತಾನೇ ಒಯ್ಯುತ್ತೇನೆ ಎಂದು ಹಟ ಹಿಡಿದಳು. ಎರಡು ವರ್ಷದ ಮೇಲೆ ಮೆಟ್ಟಿಲು ಇಳಿದಳು. ಭಾವ ಒಂದು ಕೈ, ದಾವ ಒಂದು ಕೈ ಹಿಡಿದಿದ್ದರು. ನೀರಿಗೆ ಬಿಡುವ ಮೊದಲು ತೆಪ್ಪದೊಳಗೆ ಬೆರಳಾಡಿಸಿ ಜೋರಾಗಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ನಿನ್ನ ಗಂಟಿನ ಮೇಲೆ ಕೈ ಇಟ್ಟು ಐದು ಅಂದಳು. ದಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.

ಮೊದಲ ಉಂಡೆ ಎದ್ದಾಗ ಎರಡು ದಡದಲ್ಲೂ ಸಾವಿರ ಜನ ಕೂಗಿದರು. ಅವ್ವ ನನ್ನ ತೋಳು ಹಿಡಿದು "ಅದೇ, ಅದೇ, ಅವಳ್ದು" ಅಂದಳು. ನನಗೇನೂ ತಿಳಿಯಲಿಲ್ಲ. "ನಿಂಗೆ ಕಿವಿ ಇಲ್ಲ. ನಂಗೆ ವರ್ಷಾವರ್ಷ ಕೇಳ್ಸುತ್ತೆ" ಅಂದಳು. ಹೋದ ವರ್ಷ ನಾನು ಕೇಳಿಸಲಿಲ್ಲ ಎಂದು ನಿನಗೆ ಬರೆದೆ. ಅವಳನ್ನು ಕೇಳಿ ಬರೆಯಬೇಕಾಗಿತ್ತು.

ಮನೆಗೆ ಬಂದ ಮೇಲೆ ನಿನ್ನ ಹಳೆಯ ಕಾಗದಗಳನ್ನೆಲ್ಲ ಓದು ಅಂದಳು. ಇಷ್ಟು ವರ್ಷ ಓದಲು ಹೋದರೆ ಎದ್ದು ಹೋಗುತ್ತಿದ್ದವಳು. ನಾಗರಾಜನಿಗೆ ಹೂವು ಬಿಟ್ಟೆ, ಹುಟ್ಟನ್ನು ಅವನೇ ತಂದಿಟ್ಟ ಎಂದು ನೀನು ಬರೆದ ಜಾಗಕ್ಕೆ ಬಂದಾಗ ನಗಲು ಶುರು ಮಾಡಿದಳು, ಕೆಮ್ಮು ಬರುವವರೆಗೂ ನಕ್ಕಳು. ಮುಂದಿನದು ಅವಳ ಮಾತು. ಒಂದಕ್ಷರ ಬಿಡದೆ ಬರಿ ಅಂದಿದ್ದಾಳೆ, ಬರೆಯುತ್ತಿದ್ದೇನೆ.

"ನಾಗರಾಜ ಇಟ್ಟನಂತೆ! ಅವನಿಗೇನು ಬೇರೆ ಕೆಲ್ಸ ಇಲ್ವಾ? ಹುಟ್ಟು ಇಟ್ಟೋಳು ನಾನೇ ಕಣೇ. ನೀನು ಬೆಳಗ್ಗಿಂದ ಹತ್ತು ಸಲ ದೋಣಿ ನೋಡ್ಕೊಂಡು ಬಂದೆ, ಒಳ್ಳೆ ಲಂಗ ಎರಡು ಒಂದರ ಮೇಲೊಂದು ಉಟ್ಕೊಂಡಿದ್ದೆ. ಹೆತ್ತವಳಿಗೆ ಗೊತ್ತಾಗಲ್ವಾ? ಬೇಡ ಅಂದ್ರೆ ನಿಲ್ಲೋ ಜಾತಿ ನೀನಲ್ಲ. ಹೋಗೋಳು ಮುಳುಗ್ದೆ ಹೋಗ್ಲಿ ಅಂತ ನೀನು ತಲೆ ಬಾಚ್ಕೊಳ್ತಿದ್ದಾಗ ಒಯ್ದು ಇಟ್ಟು ಬಂದೆ. ಅವತ್ತು ಸಂಜೆ ಹುಟ್ಟು ತಂದ್ಯಾ ಅಂತ ನಾನು ಕೇಳ್ಲಿಲ್ಲ. ಅದೂ ನಿಂಗೆ ಹೊಳೀಲಿಲ್ವಾ?

"ಮಾರನೇ ದಿನ ಊರಿನ ಹಿರಿಯರು ಬಂದ್ರು, ಯಾರು ಕಳ್ಸಿದ್ದು ಅಂತ. ನಾನೇ ಅಂದ್ರೆ ಗಡಿ ದಾಟ್ಸಿದ್ರು ಅಂತ ಈ ಮನೆಯವರನ್ನೆಲ್ಲ ಜೈಲಿಗೆ ಎಳ್ಕೊಂಡು ಹೋಗ್ತಿದ್ರು. ಎದೆ ಬಡ್ಕೊಂಡು ದೋಣಿಕಳ್ಳಿ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗಿದೆ. ಒಂದ್ಸಲ ಅಂದ್ಮೇಲೆ ದಿನಾ ಅನ್ಬೇಕಾಯ್ತು. ಆಮೇಲೆ ಅಭ್ಯಾಸ ಆಗೋಯ್ತು. ನಿನ್ ಅಕ್ಕನಿಗೂ ಹೇಳ್ಲಿಲ್ಲ, ಅವಳ ಮುಖದಲ್ಲಿ ಗುಟ್ಟು ನಿಲ್ಲಲ್ಲ. ಪಾಪ, ಅವಳು ಹೊತ್ತ ಬುಟ್ಟಿ ಭಾರ ನನ್ ಮೇಲಿರ್ಲಿ."

ಇಲ್ಲಿಗೆ ಬಂದು ಬರೆಯುವುದನ್ನು ಬಿಟ್ಟು ಕಣ್ಣೊರೆಸಿಕೊಂಡೆ ತಂಗಿ. ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಉಂಡು ನನಗೇ ಗೊತ್ತಾಗಲಿಲ್ಲ. ನಾನು ನಿನ್ನನ್ನು ಎಷ್ಟು ಬೈದೆ. "ಅಳೋದು ಆಮೇಲೆ, ಮೊದ್ಲು ಬರಿ" ಎಂದು ಅವ್ವ ಮತ್ತೆ ತಿವಿದಳು.

"ನಾಗರಾಜನಿಗೆ ಹನ್ನೆರಡು ವರ್ಷ ಹೂ ಬಿಟ್ಯಲ್ಲ, ಒಳ್ಳೇದೇ ಮಾಡ್ದೆ. ಅವನೂ ಹೊಟ್ಟೆಗೆ ಹಾಕ್ಕೊಳ್ಳದೆ ಅತ್ಲಾಗೆ ದಾಟ್ಸಿದ. ಇನ್ಮೇಲೆ ಒಂದು ಹೂ ನಂಗೂ ಇಡು."

ಪೆಂಗ್ ಚಿಕ್ಕಮ್ಮ ಒಂದು ಸುದ್ದಿ ತಂದಿದ್ದಾಳೆ. ಬರುವ ಹೊಸ ವರ್ಷಕ್ಕೆ ಎರಡೂ ದಡದ ಊರವರು ಮೂರು ದಿನ ದಾಟಿ ಬರಬಹುದಂತೆ. ಹೆಸರು ಬರೆಸಿ ಚೀಟಿ ತಗೊಂಡರಾಯಿತಂತೆ. ಅದನ್ನು ಕೇಳಿದಾಗಿನಿಂದ ಅವ್ವ ಹುಳಿ ಬರಿಸಿದ ಮೀನಿನ ಮಡಕೆಯನ್ನು ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ಪ್ರಸಿತ್‌ನನ್ನೂ ಕರೆದುಕೊಂಡು ಬರಬೇಕಂತೆ, ಸಂತೆಯ ಶಾವಿಗೆ ತಿಂದು ಬಡವಾಗಿರುತ್ತಾನೆ ಅನ್ನುತ್ತಾಳೆ.

ಕಾಗದದಲ್ಲಿ ಇನ್ನು ಜಾಗವಿಲ್ಲ. ಕೊನೆಗೆ ಇದೊಂದು ಬರಿ ಅಂದಳು:

"ಆ ದೋಣೀಲೇ ಬಾ. ಮೆಟ್ಲಲ್ಲಿ ನಿಂತಿರ್ತೀನಿ. ದಡಕ್ಕೆ ಕಟ್ಟಿದ್ಮೇಲೆ ಹುಟ್ಟು ಅಲ್ಲೇ ಬಿಟ್ಟು ಬರ್ಬೇಡ. ಮನೆಗೆ ತಗೊಂಡು ಬಾ."

ಅಕ್ಕ ಕೇವ್‌ಮನಿ